ಹನ್ನೊಂದು ಗುರುತು

ನಮ್ಮಕ್ಕನಿಗೆ ಕಾರ್ಖಾನೆಯಲ್ಲಿ ಇವತ್ತಿಗೂ ಇರುವ ಹೆಸರು ಮೊಂಡಿ. ಹೌದು, ಮೊಂಡಿಯೇ. ಶಾಲೆಯಲ್ಲಿ ಬೋರ್ಡಿನ ಮೇಲಿನ ಉತ್ತರ ತಪ್ಪೆಂದು ಮೇಷ್ಟರ ಜೊತೆ ಗಂಟೆ ಹೊಡೆಯುವವರೆಗೂ ನಿಂತು ವಾದಿಸಿದವಳು. ಆದರೆ ನನ್ನ ಹತ್ತು ಬೆರಳು ನೆಟ್ಟಗಿರುವುದು ಆ ಮೊಂಡುತನದಿಂದ. ನನ್ನೆದುರು ಅವಳನ್ನು ಆಡಿಕೊಳ್ಳಲು ಬರಬೇಡಿ.

ಕಾಗದ ಕತ್ತರಿಸುವ ಕಾರ್ಖಾನೆ ನಮ್ಮದು. ಹನ್ನೊಂದು ಯಂತ್ರಗಳು, ಹನ್ನೊಂದನೆಯದರ ಮುಂದೆ ನಾನು. ಒಂದರಿಂದ ಒಂದಕ್ಕೆ ಕೇಬಲ್ ಎಳೆದು, ಕೊನೆಯದನ್ನು ಮೊದಲನೆಯದಕ್ಕೆ ಸೇರಿಸಿ ಉಂಗುರ ಮಾಡಿದ್ದರು. ಒಂದು ಯಂತ್ರ ಹೇಳಿದ್ದನ್ನು ಪಕ್ಕದ್ದು ಕೇಳಿ ಮುಂದಕ್ಕೆ ದಾಟಿಸಬೇಕು. ಯಾವ ಸಂದೇಶ ಹೇಗೆ ಸುತ್ತಬೇಕೆಂಬ ನಿಯಮ ಬರೆಯುವುದು ಮಹಡಿಯ ಕೋಣೆಯಲ್ಲಿ ಕೂರುವ ಅಕ್ಕನ ಕೆಲಸ.

ಮೊದಲ ನಿಯಮ ಬರೆದವಳೂ ಅವಳೇ, ಅದರಲ್ಲಿ ಎಡವಿದವಳೂ ಅವಳೇ. ಸರದಿ ಬಂದ ಯಂತ್ರವಷ್ಟೇ ಮಾತಾಡಬೇಕು ಎಂದಿಟ್ಟಿದ್ದಳು. ಹಾಗಾಗಿ ಎಷ್ಟು ಹಾಳೆ ಕತ್ತರಿಸಿದೆವೆಂಬ ವರದಿಗಳ ಹಿಂದೆ ‘ನಿಲ್ಲಿಸು’ ಎಂಬ ಆಜ್ಞೆಯೂ ಸಾಲಿನಲ್ಲಿ ಕಾಯುತ್ತಿತ್ತು. ಇದು ಹೊಳೆದ ದಿನ ಊಟದ ಹೊತ್ತಿಗೆ ಕೆಳಗಿಳಿದು ಬಂದವಳು ಡಬ್ಬಿ ಬಿಚ್ಚಲೇ ಇಲ್ಲ. ನನ್ನ ಕೈ ಹಿಡಿದು ನೋಡುತ್ತಾ ಕೂತಳು.

“ಕೈ ಬಿಡೇ ಅಕ್ಕ, ಹಸಿವಾಗ್ತಿದೆ.”

“ತಪ್ಪು ನಂದೇ ಕಣೇ. ನಿನ್ನ ಕೈ ಸಿಕ್ಕೊಂಡ್ರೆ ನಿಲ್ಲಿಸೋ ಗುಂಡಿ ಒತ್ತೋರು ಬೇರೆ ಯಂತ್ರದವರು. ಆ ಮಾತು ನಿನ್ನ ಯಂತ್ರಕ್ಕೆ ಬರೋ ಹೊತ್ತಿಗೆ ಬ್ಲೇಡು ಎರಡು ಸಲ ಇಳಿದಿರುತ್ತೆ.”

ವಾರದೊಳಗೆ ಹೊಸ ನಿಯಮ ಸಿದ್ಧವಾಯಿತು. ‘ನಿಲ್ಲಿಸು’ ಯಾರ ಸರದಿಗೂ ಕಾಯಬಾರದು. ಕೇಳಿಸಿಕೊಂಡ ಪ್ರತಿ ಯಂತ್ರ ಅದಕ್ಕೆ ತನ್ನ ಗುರುತು ಸೇರಿಸಬೇಕು. ಹೊರಟಲ್ಲಿಗೆ ಮರಳಿದಾಗ ಹನ್ನೊಂದು ಗುರುತಿಲ್ಲದಿದ್ದರೆ ಮತ್ತೆ ಸುತ್ತಬೇಕು. ಮ್ಯಾನೇಜರ್ ಮುಖ ಸಿಂಡರಿಸಿದರು. ಬದಲಾಯಿಸಲು ತಿಂಗಳು ಬೇಕು, ಕಾರ್ಖಾನೆ ಪರಿಶೀಲಿಸಲು ಗಿರಾಕಿಗಳು ಸೋಮವಾರವೇ ಬರುತ್ತಾರೆ ಎಂದರು.

ಸೋಮವಾರ ಬೆಳಿಗ್ಗೆ ಮ್ಯಾನೇಜರ್ ಹಳೆಯ ನಿಯಮದ ಕಾಗದ ಹಿಡಿದು, ಯಂತ್ರಗಳ ನಡುವೆಯೇ ಅಕ್ಕನನ್ನು ತಡೆದರು.

“ಮೂರೇ ಸೆಕೆಂಡು ತಡ ತಾನೇ ಮೇಡಂ? ಸುರಕ್ಷಿತ ಅಂತ ಒಂದು ಸಹಿ ಹಾಕಿ. ಇಲ್ಲಾಂದ್ರೆ ನಾಳೆಯಿಂದ ಬರಬೇಡಿ.”

“ಪೆನ್ ಕೊಡಿ ಸಾರ್.”

ಇವಳೂ ಬಗ್ಗಿದಳಲ್ಲ ಎಂದು ನನಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬಂತು. ಅಕ್ಕ ಅವರು ಕೊಟ್ಟ ಹೊಳೆಯುವ ಪೆನ್ನು ಹಿಡಿದು ಸೀದಾ ನನ್ನ ಯಂತ್ರದ ಬಳಿ ಬಂದಳು. ನನ್ನನ್ನು ಹಿಂದೆ ಸರಿಸಿ, ಬ್ಲೇಡಿನತ್ತ ಸಾಗುತ್ತಿದ್ದ ಹಾಳೆಗಳ ಮೇಲೆ ಪೆನ್ನಿಟ್ಟಳು. ಅದು ಬ್ಲೇಡಿನ ಹತ್ತಿರ ಬರುತ್ತಿದ್ದಂತೆ ಒಂದನೇ ಯಂತ್ರದವರಿಗೆ ಕೂಗಿ ಹೇಳಿದಳು: “ನಿಲ್ಲಿಸಿ!”

ಅವರು ಕೆಂಪು ಗುಂಡಿ ಒತ್ತಿದ್ದನ್ನು ಎಲ್ಲರೂ ನೋಡಿದೆವು. ಬ್ಲೇಡು ಇಳಿಯಿತು. ಮೇಲೆದ್ದು ಮತ್ತೊಮ್ಮೆ ಇಳಿಯಿತು. ಆಮೇಲೆ ನಿಂತಿತು.

ಅಕ್ಕ ಮೂರು ತುಂಡುಗಳನ್ನೂ ಹೆಕ್ಕಿ ಮ್ಯಾನೇಜರ ಅಂಗೈಗೆ ಹಾಕಿದಳು. ಶಾಯಿ ಅವರ ಬಿಳಿ ಅಂಗಿಯ ತೋಳಿಗೆ ಇಳಿಯಿತು.

“ಮೂರೇ ಸೆಕೆಂಡು ಸಾರ್. ಈಗ ಹೇಳಿ, ಯಾವ ತುಂಡಲ್ಲಿ ಸಹಿ ಹಾಕಲಿ?”