ಹತ್ತು ನಿಮಿಷ ಹಳೆಯ ಉತ್ತರ

ಬೆಳಗಿನ ಐದೂವರೆ. ಆಸ್ಪತ್ರೆಯ ರಕ್ತನಿಧಿಯಲ್ಲಿ, ಗುಂಯ್‌ಗುಡುವ ಫ್ರಿಜ್‌ಗಳ ಹಿಂದಿನ ಕೋಣೆಯಲ್ಲಿ, ಸ್ವೆಟರ್ ತೊಟ್ಟ, ಎಲ್ಲರೂ 'ಕಂಪ್ಯೂಟರಕ್ಕ' ಎಂದೇ ಕರೆಯುವ ಮಹಿಳೆ ಕೈಯಲ್ಲಿರುವ ಪಟ್ಟಿಯನ್ನು ಪರದೆಯ ಜೊತೆ ತಾಳೆ ನೋಡುತ್ತಿದ್ದಾರೆ. ಯಾವ ಗುಂಪಿನ ರಕ್ತ ಎಷ್ಟು ಬಾಟಲಿ ಇದೆಯೆಂದು ಊರಿಗೆಲ್ಲ ತಿಳಿಸುವ ಜಾಲತಾಣ ಇವರ ಸುಪರ್ದಿನಲ್ಲಿದೆ. ಲೆಕ್ಕ ಸರಿಯಾಗಿಯೇ ಇದೆ. ಆದರೂ ಮತ್ತೊಮ್ಮೆ ಎಣಿಸುತ್ತಾರೆ.

ಹನ್ನೊಂದು ವರ್ಷದ ಹಿಂದೆ ದಾನಿಗಳ ಹೆಸರು ಟೈಪ್ ಮಾಡಲು ಸೇರಿದವರು. ಜಾಲತಾಣ ಕಟ್ಟಿದಾತ ಕೆಲಸ ಬಿಟ್ಟಾಗ ಅದು ಇವರ ಕೊರಳಿಗೆ ಬಿತ್ತು. ಒಲೆ ಮೇಲೆ ಕುಕ್ಕರ್ ಕೂಗುವಾಗ ಫೋನಿನಲ್ಲಿ ಪಾಠ ಕೇಳಿ ಕಲಿತರು. ಆ ಪುಟವನ್ನು ದಿನಕ್ಕೆ ಒಂಬತ್ತು ಸಾವಿರ ಸಲ ಜನ ತೆರೆಯುತ್ತಾರೆ. ಪ್ರತಿ ಸಲವೂ ಡೇಟಾಬೇಸ್‌ನ ನಾಲ್ಕು ಲಕ್ಷ ದಾಖಲೆ ತಡಕಾಡಿ ಉತ್ತರ ಬರಲು ಇಪ್ಪತ್ತೆರಡು ಸೆಕೆಂಡು ಹಿಡಿಯುತ್ತಿತ್ತು.

"ಜನ ಕೇಳಿದ್ದನ್ನೇ ಕೇಳ್ತಾರೆ, ಅದು ಪಾಪ ಹುಡುಕಿದ್ದನ್ನೇ ಹುಡುಕುತ್ತೆ. ಒಂದ್ಸಲ ಸಿಕ್ಕಿದ ಉತ್ತರಾನ ಪಕ್ಕಕ್ಕಿಟ್ಕೊಂಡು, ಹತ್ತು ನಿಮಿಷ ಎಲ್ಲರಿಗೂ ಅದನ್ನೇ ಕೊಟ್ರಾಯ್ತು. ಅದಕ್ಕೆ ಕ್ಯಾಶ್ ಅಂತಾರೆ," ಎಂದು ವಿವರಿಸುತ್ತಾರೆ ಅಕ್ಕ. ಅದನ್ನು ಅಳವಡಿಸಿದ್ದೇ ತಡ, ಪುಟ ಅರೆ ಸೆಕೆಂಡಿನಲ್ಲಿ ತೆರೆಯತೊಡಗಿತು. ಮೇಲಧಿಕಾರಿ ಶಹಬ್ಬಾಸ್ ಎಂದರು.

ಮೂರನೇ ವಾರ ಒಬ್ಬ ತಂದೆ ಓಡೋಡಿ ಬಂದರು. ಮಗಳಿಗೆ ಬೇಕಾದ ಅಪರೂಪದ ಗುಂಪಿನ ಒಂದು ಬಾಟಲಿ ಪುಟದಲ್ಲಿ ಕಂಡು, ನಾಲ್ಕು ನಿಮಿಷದ ಕೆಳಗೆ ದಾರಿಯ ಇನ್ನೊಂದು ರಕ್ತನಿಧಿಯನ್ನು ದಾಟಿ ಬಂದಿದ್ದರು. ಆ ಬಾಟಲಿ ಆರು ನಿಮಿಷದ ಹಿಂದಷ್ಟೇ ಬೇರೊಬ್ಬರಿಗೆ ಹೋಗಿತ್ತು. "ಇದೆ ಅಂತ ಈಗ್ಲೂ ತೋರಿಸ್ತಿದೆಯಲ್ಲಮ್ಮಾ, ನೀವೇ ನೋಡಿ," ಎಂದು ಆತ ಫೋನ್ ಚಾಚಿದರು. ದಾನಿಯೊಬ್ಬರನ್ನು ಹುಡುಕಿ ಕರೆಸಲು ಒಂದು ಗಂಟೆ ಹಿಡಿಯಿತು.

"ಮಗು ಉಳೀತು. ನಂಗೆ ಮಾತ್ರ ತಲೆಬುಡ ತಿಳೀಲಿಲ್ಲ. ನಾನು ಮಾಡಿದ್ದು ಒಳ್ಳೇದೋ, ಕೆಟ್ಟದ್ದೋ?"

ಕ್ಯಾಶ್ ತೆಗೆದರು, ಮರುದಿನವೇ ಪುಟ ಮಂಡಿಯೂರಿತು. ಮತ್ತೆ ಹಾಕಿದರು, ಊಟ ಸೇರಲಿಲ್ಲ. ಕೊನೆಗೆ ಟೈಲರ್ ಗಂಡನೆದುರು ಗೋಳು ತೋಡಿಕೊಂಡರು. "ಅಳತೆ ಬದಲಾದ ತಕ್ಷಣ ಹಳೇ ಚೀಟಿ ಹರಿದು ಹಾಕ್ತೀನಿ ಕಣೇ ನಾನು. ಹತ್ತು ನಿಮಿಷ ಯಾಕೆ ಕಾಯ್ತೀಯ?" ಎಂದರು ಆತ. ಈಗ ಒಂದು ಬಾಟಲಿ ಹೊರಹೋಯಿತೆಂದು ನಮೂದಾದರೆ ಸಾಕು, ಎತ್ತಿಟ್ಟ ಉತ್ತರ ಆ ಕ್ಷಣವೇ ಅಳಿದು ಹೊಸದು ಕೂರುತ್ತದೆ.

ಅಲ್ಲಿಗೂ ಗೊಂದಲ ಮುಗಿದಿಲ್ಲ. "ಗಡಿಬಿಡೀಲಿ ರಕ್ತ ಕೊಟ್ಟು, ಆಮೇಲೆ ಬರ್ಕೊಂಡ್ರೆ? ಬೇಗ ಹೇಳೋದು ಮುಖ್ಯವೋ, ನಿಜ ಹೇಳೋದೋ, ನಂಗಿನ್ನೂ ಗೊತ್ತಾಗಿಲ್ಲ. ಅದಕ್ಕೇ ಪುಟದ ಮೇಲೆ ದೊಡ್ಡದಾಗಿ 'ಹೊರಡುವ ಮುನ್ನ ಫೋನ್ ಮಾಡಿ' ಅಂತ ಹಾಕಿ ನನ್ನ ನಂಬರ್ ಕೊಟ್ಟಿದ್ದೀನಿ. ನೋಡೋಕೆ ಚೆನ್ನಾಗಿಲ್ಲ, ತೆಗೀರಿ ಅಂತಿದ್ದಾರೆ ಮೇಲಿನವರು. ಅದೊಂದು ಸಾಲು ಇರ್ಲಿ ಬಿಡಿ, ಇನ್ನೇನೂ ಕೇಳಲ್ಲ ನಾನು."