ಮೂರು ವರದಿಗೆ ಒಬ್ಬಳೇ ಅಜ್ಜಿ

ಪದವಿಯ ಮೊದಲ ವರ್ಷ ನಮಗೆ ಸಂಶೋಧನಾ ಬರವಣಿಗೆ ಅಂತ ಒಂದು ವಿಷಯವಿತ್ತು. ಹಿರಿಯರೊಬ್ಬರನ್ನು ಮಾತನಾಡಿಸಿ ವರದಿ ಬರೆಯಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ನಾನು ಹೊಸಕೆರೆಹಳ್ಳಿಯ ಕೆರೆಯ ಬಗ್ಗೆ ಬರೆದೆ. ಮಾಹಿತಿ ಕೊಟ್ಟವರು ಅಲ್ಲೇ ಪಕ್ಕದ ಶ್ರೀನಗರದ ನನ್ನ ಅಜ್ಜಿ. ಪದ್ಮನಾಭನಗರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ. ಆ ಅಂಗಡಿಯಣ್ಣ ಬಂದ ಫೈಲುಗಳನ್ನೆಲ್ಲ ಉಳಿಸಿಕೊಂಡು, ಕೇಳಿದವರಿಗೆ ಹೆಸರು ಬದಲಾಯಿಸಿ ಕೊಡುತ್ತಾನೆಂಬುದು ನನ್ನೊಬ್ಬನನ್ನು ಬಿಟ್ಟು ಇಡೀ ತರಗತಿಗೆ ಗೊತ್ತಿತ್ತು.

ಸೋಮವಾರ ಮೇಡಂ ನನ್ನದೂ ಇನ್ನಿಬ್ಬರದೂ ಸೇರಿ ಮೂರು ವರದಿಗಳನ್ನು ಮೇಜಿನ ಮೇಲಿಟ್ಟರು. ಮೂರರಲ್ಲೂ ‘ನನ್ನ ಅಜ್ಜಿ ಈ ಕೆರೆಯಲ್ಲೇ ಈಜು ಕಲಿತರು’ ಎಂದಿತ್ತು.

“ಈ ಅಜ್ಜಿಗೆ ಒಟ್ಟು ಎಷ್ಟು ಮೊಮ್ಮಕ್ಕಳಪ್ಪಾ?”

“ನನ್ನಜ್ಜಿ ಮೇಡಂ! ಬೇಕಿದ್ರೆ ಫೋನಲ್ಲಿ ಕೇಳಿ,” ಎಂದು ಸ್ಪೀಕರ್ ಹಾಕಿ ಫೋನ್ ಮಾಡಿದೆ. ಅಜ್ಜಿ ಹೇಳಿದ್ದು ಎರಡೇ ಮಾತು, ಉಳಿದದ್ದೆಲ್ಲ ನಾನು ತುಂಬಿಸಿದ್ದು ಎನ್ನುವುದು ನನಗೆ ನೆನಪಾದದ್ದು ಅದು ರಿಂಗಾಗುವಾಗ.

“ಅಜ್ಜೀ, ನೀವು ಕೆರೇಲಿ ಈಜು ಕಲಿತ್ರಂತೆ?” ಮೇಡಂ ಕೇಳಿದರು.

“ಈಜೋದಾ? ಬಕೆಟ್ ನೀರು ಕಂಡ್ರೂ ಹೆದರ್ತೀನಿ ಕಣಮ್ಮಾ. ಆ ಮುಂಡೇದು ಹೇಳ್ತಾ? ಬಂದ, ನಾಲ್ಕು ಕೋಡುಬಳೆ ತಿಂದ, ಹೋದ.”

ತರಗತಿ ಬಿದ್ದು ಬಿದ್ದು ನಕ್ಕಿತು. ಫೋನ್ ಕಟ್ ಮಾಡಲು ಮೂರು ಸಲ ಒತ್ತಬೇಕಾಯಿತು.

“ಅವರಿಬ್ರೂ ಕಳ್ಳರೇ,” ಎಂದರು ಮೇಡಂ. “ಆದ್ರೆ ಕದ್ದಿದ್ದನ್ನ ಒಂದಕ್ಷರ ತಿರುಚಿಲ್ಲ ನೋಡು. ಶುಕ್ರವಾರದೊಳಗೆ ಮೂವರೂ ಹೊಸದಾಗಿ ಬರೀರಿ, ಇಲ್ದಿದ್ರೆ ಪರೀಕ್ಷೆ ಮರೆತುಬಿಡಿ.”

ಮರುದಿನ ಮೂವರೂ ಅಜ್ಜಿಯ ಮುಂದೆ ಪುಸ್ತಕ ಬಿಚ್ಚಿ ಕೂತೆವು. ಕೋಡುಬಳೆಯ ತಟ್ಟೆಗೆ ಯಾರೂ ಕೈಹಾಕಲಿಲ್ಲ.