ಚಿಯಾವ್ ಅಜ್ಜನ ತೋಫು ಸಾರು
ಚೀನಾದ ಯಾಂಗ್‌ಝೌ ಊರಿನ ಹಳೆಯ ಬೀದಿಗೆ ಬರುವ ಪ್ರವಾಸಿಗರು, ಬಾಣಸಿಗ ಚಿಯಾವ್ ಅಜ್ಜ ತೋಫು ಹೆಚ್ಚುವಾಗ ಉಸಿರು ಬಿಗಿಹಿಡಿದೇ ನಿಲ್ಲಬೇಕು, ಯಾರಾದರೂ ಕೆಮ್ಮಿದರೆ, "ಹೊರಗೆ ಹೋಗಿ ಕೆಮ್ರೀ, ನನ್ನ ತೋಫು ಬೆಚ್ಚಿಬೀಳತ್ತೆ!" ಎಂದು ಗದರುತ್ತಾನೆ. ಬೆಣ್ಣೆಯಂಥ ಆ ಸೋಯಾ ಹಾಲಿನ ಗಡ್ಡೆಯನ್ನು ಕೂದಲೆಳೆಯಾಗಿ ಸೀಳಿ, ಒಂದೆಳೆಯನ್ನು ಸೂಜಿಗೆ ಪೋಣಿಸಿ ತೋರಿಸಿದ ಮೇಲೇ ಅವನ ಗಂಟುಮುಖ ಸಡಿಲವಾಗುವುದು. ಸಾರು ಕುದಿದಾಗ ಯಾರಾದರೂ, "ನೀವು ರುಚಿ ನೋಡಲ್ವಾ, ಅಜ್ಜಾ?" ಎಂದರೆ, "ಐವತ್ತು ವರ್ಷ ಪಳಗಿದ ಕೈ ಇದು, ರುಚಿ ಏನು ನೋಡೋದು!" ಎನ್ನುತ್ತಾನೆ. ಕಣ್ಣು ಮಾತ್ರ ಒಳಬಾಗಿಲಲ್ಲಿ ಚಮಚ ಹಿಡಿದು ನಿಂತ ಹೆಂಡತಿ ಸುಹುವಾಳ ಮೇಲೆ. ಎರಡು ವರ್ಷದ ಹಿಂದೆ ಬಂದ ಜ್ವರ ಅವನ ನಾಲಗೆಯ ರುಚಿಯನ್ನೇ ಕೊಂಡೊಯ್ದದ್ದು ಅವಳೊಬ್ಬಳಿಗೇ ಗೊತ್ತು. ಅವಳು ಒಂದು ಗುಟುಕು ಕುಡಿದು ತಲೆಯಾಡಿಸುವವರೆಗೂ ಅವನೆದೆ ಡವಗುಟ್ಟುತ್ತದೆ, ಆಡಿಸಿದಳೋ, ತಾನೇ ಸವಿದವನಂತೆ ತುಟಿ ಚಪ್ಪರಿಸಿ, "ಬಡಿಸ್ರಪ್ಪಾ!" ಎಂದು ಕೂಗುತ್ತಾನೆ.